ದೊಡ್ಡಪ್ಪನ ರಿಫಂಡು

“ಪುಟ್ಟಿ, ಇನ್‌ಕಮ್ ಟ್ಯಾಕ್ಸಿನವರು ದುಡ್ಡು ವಾಪಸ್ ಕೊಡ್ತಾರಂತೆ. ಈಮೇಲ್ ಬಂದಿದೆ, ನೋಡು.”

“ನೀವು ರಿಟರ್ನ್ಸೇ ಹಾಕಿಲ್ವಲ್ಲ ದೊಡ್ಡಪ್ಪ!”

“ಹಾಕದವರಿಗೂ ಕೊಡ್ತಾರೆ ಅಂದ್ರೆ ಸರ್ಕಾರ ಎಷ್ಟು ಸುಧಾರಿಸಿದೆ ನೋಡು.”

“ವಿಳಾಸದ ಕೊನೇಲಿ ಜಿಓವಿ ಡಾಟ್ ಇನ್ ಇರ್ಬೇಕಿತ್ತು. ಇಲ್ಲಿ ಜಿಮೇಲ್ ಇದೆ.”

“ಪಾಪ, ಆಫೀಸರ್ರು ಮನೆಯಿಂದ ಕಳಿಸಿರ್ಬೇಕು. ಒಳಗಿರೋದು ಬರೀ ಪಿಡಿಎಫ್ಫು!”

(ಬೀಗರ ಲಗ್ನಪತ್ರಿಕೆಯಲ್ಲಿ ತಮ್ಮ ಇನಿಷಿಯಲ್ ತಪ್ಪಿದ್ದಕ್ಕೆ ಮದುವೆಗೇ ಹೋಗದ ಈ ಮನುಷ್ಯ, ‘ಡಿಯರ್ ಕಸ್ಟಮರ್’ಗೆ ಕರಗಿಹೋಗಿದ್ದರು.)

“ಪಿಡಿಎಫ್ ಆದ್ಮೇಲೆ ಇನ್ನೊಂದು ಚುಕ್ಕೆ, ಇಎಕ್ಸ್ಇ ಅಂತಿದೆ. ಅದು ಕಾಗದ ಅಲ್ಲ, ಪ್ರೋಗ್ರಾಮು. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ವೈರಸ್ ಹಬ್ಬಿದ್ದೂ ಹೀಗೇ. ಟಿಎಕ್ಸ್‌ಟಿ ಅಂತ ಕಾಣ್ತಿತ್ತು, ಹಿಂದಿದ್ದ ವಿಬಿಎಸ್ ಅನ್ನು ವಿಂಡೋಸೇ ಮರೆಮಾಡಿತ್ತು. ಪ್ರೇಮಪತ್ರ ಅಂದ್ಕೊಂಡು ಊರೂರೇ ತೆರೀತು.”

“ಥೂ, ಮದುವೆಯಾದವರೂನಾ?”

“ಅವರೇ ಮೊದಲು!”

“ಸರಿ ಬಿಡಮ್ಮ, ನಾನು ಒತ್ತೋದಿಲ್ಲ.”

“ಸದ್ಯ!”

“ನಿಮ್ಮ ದೊಡ್ಡಮ್ಮ ಬೆಳಿಗ್ಗೇನೇ ಒತ್ತಿದ್ಲು. ಏನೂ ಬರ್ಲಿಲ್ಲ ಅಂತ ಎರಡು ಸಲ.”

ಓದುಗರೇ, ನಿಮ್ಮ ಮನೆಯಲ್ಲೂ ಯಾರಾದರೂ ಒತ್ತಿದ್ದರೆ ಬೈಯುವುದನ್ನು ಆಮೇಲಿಟ್ಟುಕೊಳ್ಳಿ. ಮೊದಲು ಇಂಟರ್ನೆಟ್ ಕಡಿಯಿರಿ, ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.