ಎಂಟು ಕೆಜಿ ಸಾಕಾ, ಹತ್ತು ಬೇಕಾ?

ಪಕ್ಕದ ಮನೆ ಹುಡುಗನ ಪೋಲೊ ಕಾರಿಗೆ ಈಚೆಗೆ ಇರುಂಗಾಟುಕೋಟೆಯ ಹುಚ್ಚು ಹಿಡಿದಿದೆ. ಹುಚ್ಚು ಹುಡುಗನದು, ಅನುಭವಿಸೋದು ಕಾರು. ಚೆನ್ನೈ ಪಕ್ಕದಲ್ಲಿ 1990ರಿಂದ ಇರುವ ರೇಸ್ ಟ್ರ್ಯಾಕ್ ಅದು, ಸುತ್ತೊಂದಕ್ಕೆ 3.7 ಕಿಲೋಮೀಟರ್. ಟ್ರ್ಯಾಕ್ ಡೇ ಇದ್ದಾಗ ದುಡ್ಡು ಕಟ್ಟಿ ನಮ್ಮ ಕಾರನ್ನೇ ಒಯ್ದು ಓಡಿಸಬಹುದು.

ಭಾನುವಾರ ಕಾಂಪೌಂಡಿನ ಆಚೆಯಿಂದ ಕೂಗಿದ: "ಅಂಕಲ್, ಎಂಟು ಕೆಜಿ ಸಾಕಾ, ಹತ್ತೇ ತರಿಸಲಾ?"

ಒಳಗಿದ್ದ ನಮ್ಮನೆಯವಳು ತೊಗರಿಬೇಳೆ ವಿಚಾರ ಅಂದುಕೊಂಡು, "ಅಷ್ಟೊಂದು ಯಾಕಪ್ಪಾ, ಹುಳ ಬೀಳುತ್ತೆ" ಅಂದಳು.

ಅವನು ಕೇಳಿದ್ದು ಸ್ಪ್ರಿಂಗಿನ ಬಿಗಿ. ಒಂದು ಮಿಲಿಮೀಟರ್ ಕುಗ್ಗಿಸಲು ಎಂಟು ಕೆಜಿ ಭಾರ ಬೇಕಾದರೆ ಅದು ಎಂಟು ಕೆಜಿ ಸ್ಪ್ರಿಂಗು. "ನನ್ ಫ್ರೆಂಡ್ ಹತ್ತು ಹಾಕ್ಸಿದಾನೆ ಅಂಕಲ್" ಅನ್ನೋದು ಅವನ ಒಂದೇ ವಾದ.

"ಅವನದು ಯಾವ ಥರದ ಸಸ್ಪೆನ್ಷನ್ನಪ್ಪಾ?"

"ಡಬಲ್ ವಿಶ್‌ಬೋನ್."

ಇಲ್ಲೇ ಇರೋದು ಎಡವಟ್ಟು. ವಿಶ್‌ಬೋನ್ ಕಾರಲ್ಲಿ ಸ್ಪ್ರಿಂಗು ಕೂರೋದು ಚಕ್ರದಿಂದ ಒಳಗೆ, ತೋಳಿನ ನಡುವೆ. ಚಕ್ರ ಹತ್ತು ಮಿಲಿಮೀಟರ್ ಎದ್ದರೆ ಸ್ಪ್ರಿಂಗು ಕುಗ್ಗೋದು ಏಳೇ ಅನ್ನಿ. ಆಗ ಚಕ್ರಕ್ಕೆ ತಟ್ಟುವ ಬಿಗಿ 0.7 ಪಾಲಲ್ಲ, ಅದರ ವರ್ಗ, 0.49. ಕುಗ್ಗುವ ದೂರದಲ್ಲಿ ಒಂದು ಸಲ ಕಳೆಯಿತು, ಸನ್ನೆಯಲ್ಲಿ ಬಲ ಇನ್ನೊಂದು ಸಲ ಕಳೆಯಿತು. ಸ್ನೇಹಿತನ ಹತ್ತು ಚಕ್ರ ಮುಟ್ಟುವಷ್ಟರಲ್ಲಿ ಐದೂ ಇಲ್ಲ. ಪೋಲೊ ಮುಂದಿರೋದು ಸ್ಟ್ರಟ್. ಚಕ್ರ ಎದ್ದಷ್ಟೂ ಸ್ಪ್ರಿಂಗು ಹೆಚ್ಚುಕಮ್ಮಿ ಅಷ್ಟೇ ಕುಗ್ಗುತ್ತದೆ. ಅಲ್ಲಿ ಹತ್ತು ಅಂದರೆ ಒಂಬತ್ತಾದರೂ ಚಕ್ರಕ್ಕೆ ಬಂತು.

ಹಾಗಾಗಿ ಕೆಜಿ ಲೆಕ್ಕ ಬಿಟ್ಟು, ಆ ಮೂಲೆಯ ಭಾರ ತನ್ನ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಎಷ್ಟು ಸಲ ತೂಗಾಡುತ್ತೆ ಅಂತ ಕೇಳಬೇಕು. ಮನೆಬಳಕೆಯ ಕಾರಿಗೆ ಅದು ಒಂದರಿಂದ ಒಂದೂವರೆ ಸಲ. ರಸ್ತೆ ಟಯರಿನಲ್ಲೇ ಟ್ರ್ಯಾಕಿಗಿಳಿಯುವ ಹವ್ಯಾಸಿಗೆ ಎರಡರ ಆಸುಪಾಸು ಧಾರಾಳ. ಅದಕ್ಕೂ ಮೇಲಿನದು ರೆಕ್ಕೆ ಕಟ್ಟಿಕೊಂಡು ಗಾಳಿಯಿಂದ ನೆಲಕ್ಕೆ ಒತ್ತಿಸಿಕೊಳ್ಳುವ ರೇಸ್ ಕಾರುಗಳ ವ್ಯವಹಾರ. ಪೋಲೊ ಮುಂದಿನ ಒಂದು ಮೂಲೆಯಲ್ಲಿ ಸ್ಪ್ರಿಂಗಿನ ಮೇಲೆ ಕೂತ ಭಾರ ಸುಮಾರು 300 ಕೆಜಿ ಅಂತಿಟ್ಟುಕೊಳ್ಳಿ. ಎರಡು ಸಲಕ್ಕೆ ಐದು, ಐದೂವರೆ ಕೆಜಿ ಸ್ಪ್ರಿಂಗು ಸಾಕು. ಹತ್ತು ಹಾಕಿದರೆ 2.7 ದಾಟುತ್ತದೆ. ಆ ಕಾರಲ್ಲಿ ಬೆಂಗಳೂರಿನಿಂದ ಇರುಂಗಾಟುಕೋಟೆಗೆ ಹೋಗಿಬರುವವನು ಸಂಜೆ ನೇರ ಮೂಳೆ ಡಾಕ್ಟರ ಹತ್ತಿರ ಇಳಿದರಾಯಿತು. ಟ್ರ್ಯಾಕಿನಲ್ಲಾದರೂ ಲಾಭವೇ ಅಂದರೆ, ಉಬ್ಬುತಗ್ಗಿನ ಮೇಲೆ ಟಯರು ನೆಲ ಬಿಟ್ಟು ಹಾರಿದ ಗಳಿಗೆ ಗ್ರಿಪ್ ಸೊನ್ನೆ.

"ಹಿಂದೆ ಎಷ್ಟು ಅಂಕಲ್?"

ಒಳ್ಳೇ ಪ್ರಶ್ನೆ. ಎಂಜಿನ್ನೂ ಎಳೆತವೂ ಮುಂದೇ ಇರುವ ಕಾರು ತಿರುವಿನಲ್ಲಿ ಮೂತಿ ಹೊರಕ್ಕೆ ಎಳೆಯುತ್ತದೆ. ಹಿಂದೆ ಬಿಗಿ ಮಾಡಿದರೆ ವಾಲುವ ಭಾರದಲ್ಲಿ ಹೆಚ್ಚು ಪಾಲು ಹಿಂದಿನ ಹೊರ ಟಯರು ಹೊರುತ್ತದೆ, ಮುಂದಿನದಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಒಳಗಿನ ಹಿಂಚಕ್ರ ಕಂಬ ಕಂಡ ನಾಯಿಯ ಹಾಗೆ ಕಾಲೆತ್ತಿದರೆ ಗಾಬರಿ ಬೇಡ, ಈ ಜಾತಿಯ ಕಾರಿಗೆ ಅದು ಸಹಜ. ಅತಿ ಮಾಡಿದರೆ ಮಾತ್ರ, ವೇಗದ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕ್ಷಣ ಹಿಂಭಾಗವೇ ಮುಂದೆ ಬಂದು ನಮಸ್ಕಾರ ಹೇಳುತ್ತದೆ.

ಇನ್ನು ಗ್ರೈಂಡರ್ ಹಿಡಿದು ಸ್ಪ್ರಿಂಗು ಕತ್ತರಿಸುವ ಮೇಸ್ತ್ರಿಗಳು. ಆರು ಸುತ್ತಿನದನ್ನು ಐದು ಮಾಡಿದರೆ ಬಿಗಿ ಶೇ 20 ಏರುವುದು ನಿಜ. ಆದರೆ ಕಾರು ತಗ್ಗಿ, ಸಣ್ಣ ಹೊಂಡಕ್ಕೂ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಬಡಿದ ಮೇಲೆ ಕೆಲಸ ಮಾಡೋದು ಆ ರಬ್ಬರು, ಸ್ಪ್ರಿಂಗಲ್ಲ. ಕಂಪನಿಯ ಶಾಕಪ್ಸರ್ ಹಾಗೇ ಬಿಟ್ಟು ಸ್ಪ್ರಿಂಗು ಮಾತ್ರ ಗಟ್ಟಿ ಮಾಡಿಸುವುದೂ ಇದೇ ಸಾಲಿನ ದಂಡ. ಕುಗ್ಗಿದ ಸ್ಪ್ರಿಂಗು ಚಿಮ್ಮುವಾಗ ಹಿಡಿಯುವವರೇ ಇರುವುದಿಲ್ಲ.

ನನ್ನ ಕೇಳಿದರೆ ಮೊದಲು ಒಳ್ಳೇ ಟಯರು, ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲು. ಆಮೇಲೂ ಸ್ಪ್ರಿಂಗು ಬೇಕೆನಿಸಿದರೆ, ಆರ್ಡರ್ ಮಾಡುವ ಮುಂಚೆ ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ, ಮುಂದಿನ ಚಕ್ರ ಎರಡನ್ನಷ್ಟೇ ಹತ್ತಿಸಿ ಚೀಟಿ ಬರೆಸಿಕೊಳ್ಳಿ, ಆಮೇಲೆ ಹಿಂದಿನದು. ಇಷ್ಟು ದೊಡ್ಡ ಖರ್ಚಿನಲ್ಲಿ ಅತಿ ಅಗ್ಗದ ಬಾಬತ್ತು ಅದೇ.