ನಾಸಿಕೋಪಚಾರ

ಒಂಟಿ ಸೀನು ಅಪಶಕುನವೆಂದೂ ಜೋಡಿ ಸೀನು ಕಾರ್ಯಸಿದ್ಧಿಯ ಸೂಚನೆಯೆಂದೂ ನಿರ್ಣಯಿಸಿದ ನಮ್ಮ ಪೂರ್ವಿಕರು, ಮಳೆ ಬಿದ್ದು ಬೆಂಗಳೂರಿನ ಖಾಲಿ ನಿವೇಶನಗಳಲ್ಲೆಲ್ಲ ಕಾಂಗ್ರೆಸ್ ಗಿಡವು ಬಿಳಿಯ ಹೂ ತಳೆದು ನಿಂತಾಗ ನನ್ನಂಥವನ ಮೂಗಿನಿಂದ ಹೊರಡತಕ್ಕ ಸೀನುಗಳ ಅವಿಚ್ಛಿನ್ನ ಪರಂಪರೆಗೆ ಮಾತ್ರ ಯಾವ ಫಲವನ್ನೂ ಹೇಳಿಹೋಗಲಿಲ್ಲ. ಆ ಕೊರತೆಯನ್ನು ತುಂಬಿದವರು ವೈದ್ಯರು. ನಿರಪರಾಧಿಯಾದ ಪರಾಗವನ್ನು ಶತ್ರುವೆಂದು ಭ್ರಮಿಸಿದ ದೇಹವು ಹಿಸ್ಟಮಿನ್ ಎಂಬ ದ್ರವ್ಯವನ್ನು ಸುರಿಸುವುದರಿಂದಲೇ ಈ ತುರಿಕೆ, ಈ ನೀರು, ಈ ಗರ್ಜನೆ ಎಂದು ವಿವರಿಸಿ, ಅಜೆಲಾಸ್ಟಿನ್ ಎಂಬ ಸ್ಪ್ರೇಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಬಸ್ಸಿನ ಕಿಟಕಿಯಿಂದ ಟವಲು ಹಾಕಿ ಸೀಟು ಹಿಡಿಯುವ ಪ್ರಯಾಣಿಕನಂತೆ, ಹಿಸ್ಟಮಿನ್ ಬಂದು ಕೂರಬೇಕಾದ ಸ್ಥಾನವನ್ನು ಈ ಔಷಧವು ಮೊದಲೇ ಆಕ್ರಮಿಸಿಕೊಳ್ಳುತ್ತದಂತೆ. ಈ ಜಾತಿಯ ಔಷಧಗಳ ಶೋಧನೆಯೂ ಸೇರಿದಂತೆ ಮಾಡಿದ ಕಾರ್ಯಕ್ಕಾಗಿ ಡ್ಯಾನಿಯಲ್ ಬೊವೆಯವರಿಗೆ 1957ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಸೀನುವವರ ಪಾಲಿಗೆ ಅದು ಅಲ್ಪವೇ ಸರಿ.

ಬೆರಳುದ್ದದ ಆ ಸೀಸೆಗೂ ತನ್ನದೇ ಆದ ಆಚಾರಸಂಹಿತೆಯುಂಟು. ಹೊಸದಾಗಿ ತೆರೆದಾಗಲೂ, ಕೆಲವು ದಿನ ಮುಟ್ಟದೆ ಇಟ್ಟಿದ್ದಾಗಲೂ, ನವಿರಾದ ಮಂಜು ಹೊರಡುವವರೆಗೆ ಅದನ್ನು ಗಾಳಿಯಲ್ಲಿ ಒತ್ತಬೇಕು; ಆಗ ಕಣ್ಣು ಅದರ ಮುಂದಿರಕೂಡದು. ಮೂಗನ್ನು ಸೀಟಿ ಹಗುರಮಾಡಿಕೊಂಡು, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ತುದಿಯನ್ನು ನಡುವಿನ ಗೋಡೆಗಲ್ಲದೆ ಹೊರಪಕ್ಕಕ್ಕೆ ತಿರುಗಿಸಿ ಒತ್ತಿ, ಮೆಲ್ಲನೆ ಉಸಿರೆಳೆಯಬೇಕು. ನಮ್ಮ ಭಾವನವರಾದರೋ ಯಾವ ಔಷಧವನ್ನೇ ಆಗಲಿ ಆಕಾಶಕ್ಕೆ ಮುಖವೆತ್ತಿಯೇ ಸ್ವೀಕರಿಸತಕ್ಕವರು. ತಾವು ತಂದ ಸ್ಪ್ರೇಯನ್ನೂ ಹಾಗೆಯೇ ಸೇವಿಸಿ, ಅದು ಗಂಟಲಿಗಿಳಿದು ನಾಲಗೆಯ ಬುಡದಲ್ಲಿ ಕಹಿ ತಳವೂರಲು, ಅಕ್ಕ ತಂದಿತ್ತ ಕಾಫಿಯನ್ನು ಒಂದು ಗುಟುಕು ಹೀರಿ, "ಇದೇನು, ಚಿಕೋರಿ ಜಾಸ್ತಿಯಾಯಿತಲ್ಲ!" ಎಂದು ಗುಡುಗಿದರು. ಆಕೆ ಆ ಪುಡಿಯನ್ನು ಬದಲಿಸಿ ಒಂದು ವಾರವಾದರೂ ಕಹಿ ಹೋಗಲಿಲ್ಲ.

ತಮ್ಮದು ಮುಗಿದಾಗ ಭಾವನವರ ದೃಷ್ಟಿ ನನ್ನ ಸೀಸೆಯ ಮೇಲೆ ಬಿತ್ತು.

"ಒಂದೇ ಒಂದು ಸಲ ಕೊಡಯ್ಯ, ನಿನ್ನ ಗಂಟೇನು ಹೋಗುತ್ತದೆ?"

"ಭಾವ, ಹಲ್ಲುಜ್ಜುವ ಬ್ರಷ್ಷನ್ನು ಕೇಳಿದ್ದರೆ ಕೊಡುತ್ತಿದ್ದೆನೆ?"

ಮುನಿದ ಅವರು ಅಂಗಡಿಯಿಂದ ಚೀಟಿಯಿಲ್ಲದೆಯೇ ಮೂಗುಕಟ್ಟು ಬಿಡಿಸುವ ಬೇರೊಂದು ಡ್ರಾಪ್ಸನ್ನು ತಂದುಕೊಂಡರು. ಕ್ಷಣಾರ್ಧದಲ್ಲಿ ಹಾದಿ ತೆರೆಯುವ ಆ ದ್ರವವನ್ನು ಕೆಲವೇ ದಿನಗಳ ಮೇಲೆ ಮುಂದುವರಿಸಿದರೆ, ಅದಿಲ್ಲದೆ ಮೂಗು ತೆರೆಯಲೊಲ್ಲದ ಸ್ಥಿತಿ ಪ್ರಾಪ್ತವಾಗುತ್ತದೆಂಬುದನ್ನು ಹೇಳಿದರೆ ಕೇಳುವ ಜಾತಕ ಅವರದಲ್ಲ.

ಇನ್ನು ನನ್ನ ಅಜೆಲಾಸ್ಟಿನ್ ತರುವ ನಿದ್ರೆಯ ಮಾತು. ಮೂಗಿಗೆ ಹಾಕಿದ್ದು ಮೂಗಿನಲ್ಲಿಯೇ ಇರುತ್ತದೆಂದು ನಂಬುವಂತಿಲ್ಲ. ಅದರಲ್ಲಿ ಸ್ವಲ್ಪಾಂಶ ರಕ್ತವನ್ನೂ ಸೇರಿ, ಕೆಲವರಿಗೆ ತೂಕಡಿಕೆಯನ್ನು ತರುತ್ತದೆ. ಮದ್ಯವೋ ನಿದ್ರೆಯ ಮಾತ್ರೆಯೋ ಜೊತೆಗೂಡಿದರೆ ಅದು ಇಮ್ಮಡಿಸೀತು. ಸನ್ಮಾನಸಭೆಯಲ್ಲಿ ತೂಕಡಿಸಿದರೆ ಯಾರಿಗೂ ನಷ್ಟವಿಲ್ಲ, ಅಲ್ಲಿ ಔಷಧವಿಲ್ಲದೆಯೂ ತೂಕಡಿಸುವವರೇ ಬಹುಮಂದಿ. ಆದರೆ ಈ ಸೀಸೆ ಹೊಸದಾಗಿ ಕೈಸೇರಿದ ಮಹನೀಯರು, ಅದು ತಮಗೆ ನಿದ್ರೆ ತರುವುದೋ ಇಲ್ಲವೋ ಎಂಬುದು ಸ್ಪಷ್ಟವಾಗುವತನಕ ಸ್ಕೂಟರಿನ ಕೀಲಿಕೈಯನ್ನು ಮನೆಯವರ ವಶಕ್ಕೆ ಒಪ್ಪಿಸಿ, ದಯವಿಟ್ಟು ಬಸ್ಸಿನಲ್ಲಿಯೇ ಸಂಚರಿಸಬೇಕು.