ಮೋತಿಗೆ ತುಳು ಬರುವುದಿಲ್ಲ

ಬ್ಯಾಂಕಿನಿಂದ ನಿವೃತ್ತಿಯಾಗಿ ಎರಡು ತಿಂಗಳು. ಮುಧೋಳದ ಬಾಡಿಗೆ ಮನೆಯ ಸಾಮಾನೆಲ್ಲ ಲಾರಿ ಹತ್ತಿ ಸಿದ್ದಕಟ್ಟೆಯ ತೋಟದ ಮನೆ ಸೇರಿತ್ತು. ಬಾರದೆ ಉಳಿದದ್ದು ಮೋತಿಯೊಂದೇ. ಓನರ್ ಮನೆಯಲ್ಲಿ ಬಿಟ್ಟಿದ್ದೆ. ಒಂದು ರಾತ್ರಿ ಅವರ ಫೋನು: "ಸಾಹೇಬ್ರ, ನಿಮ್ಮ ನಾಯಿ ಕೂಳ ಮುಟ್ಟವಲ್ದು."

ಕರುಳು ಚುರುಕ್ ಎಂದಿತು. ರೈಲಿನಲ್ಲಿ ತರೋಣವೆಂದರೆ ನಾಯಿಗೆ ಗಾರ್ಡ್ ಡಬ್ಬಿಯ ಪೆಟ್ಟಿಗೆ, ಇಲ್ಲವೇ ನಾನು ಮೊದಲ ದರ್ಜೆಯ ಕೂಪೆಯನ್ನೇ ಹಿಡಿಯಬೇಕು. ಮುಧೋಳ ನಾಯಿಯೆಂದರೆ ಸಾಮಾನ್ಯವೇ? 2005ರಲ್ಲಿ ಅಂಚೆ ಚೀಟಿಯ ಮೇಲೆ ಕೂತ ವಂಶ. ಅಂಥದ್ದನ್ನು ಪೆಟ್ಟಿಗೆಗೆ ಹಾಕುವುದು ಅವಮಾನ ಎಂದು ಮನೆಯಲ್ಲಿ ಭಾಷಣ ಮಾಡಿದೆ. ಕೂಪೆಯ ದರ ಕೇಳಿ ಬಂದ ವಿಷಯ ಮಾತ್ರ ಹೇಳಲಿಲ್ಲ. ಅಕ್ಕನ ಮಗನನ್ನು ಸ್ಟಿಯರಿಂಗಿಗೆ ಕೂರಿಸಿ ಕಾರು ಹೊರಡಿಸಿದೆ. ಒಂದು ದಿಕ್ಕಿಗೇ 450 ಕಿ.ಮೀ.ಗೆ ಕಡಿಮೆಯಿಲ್ಲ.

ದಾರಿಯುದ್ದಕ್ಕೂ ಭೇಟಿಯ ದೃಶ್ಯವನ್ನೇ ಹೆಣೆದೆ. ಎಲುಬಿನ ಗೂಡಾದ ಮೋತಿ ತೆವಳಿ ಬಂದು ನನ್ನ ಕಾಲು ನೆಕ್ಕುತ್ತದೆ, ನಾನು ಕಣ್ಣೊರೆಸಿಕೊಳ್ಳುತ್ತೇನೆ. ಕರವಸ್ತ್ರ ಎರಡು ಇಟ್ಟುಕೊಂಡಿದ್ದೆ. ಆ ಜಾತಿ ಹುಟ್ಟಿದಂದಿನಿಂದಲೇ ಎಲುಬಿನ ಗೂಡು ಎಂಬುದು ಮರೆತೇಹೋಗಿತ್ತು.

ಮೋತಿ ಎಮ್ಮೆಯ ಪಕ್ಕ ಮಲಗಿತ್ತು. ಎದ್ದು ಬಂದು, ನನ್ನ ಪ್ಯಾಂಟು ಮೂಸಿ, ಆಕಳಿಸಿ, ಎಮ್ಮೆಯ ಬಳಿಗೇ ವಾಪಸಾಯಿತು. ಹಾಲು ಕರೆಯುವ ಹೊತ್ತಂತೆ.

"ಕೂಳು ಮುಟ್ಟುವುದಿಲ್ಲ ಅಂದಿರಲ್ಲ?"

"ಹೌದ್ರೀ. ಹಾಲು-ರೊಟ್ಟಿ ಬಿಟ್ರ ಏನೂ ಮುಟ್ಟವಲ್ದು."

ಮರುದಿನ ವಾಪಸು. ಘಾಟಿಯಲ್ಲಿ ಮೋತಿ ವಾಂತಿ ಮಾಡೀತೆಂದು ಪಶುವೈದ್ಯರಿಂದ ಮಾತ್ರೆ, ಸೀಟಿಗೆ ಹಾಸಲು ಹಳೇ ಟವೆಲು, ಪ್ಲಾಸ್ಟಿಕ್ ಚೀಲಗಳು, ಎಲ್ಲ ಸಿದ್ಧ. ಅರ್ಧ ಮಾತ್ರೆಯನ್ನು ಪೇಡೆಯೊಳಗೆ ಅಡಗಿಸಿ ಕೊಟ್ಟೆ. ಉಳಿದ ಪೇಡೆಗಳನ್ನು ನಾನೇ ಮುಗಿಸಿದೆ. ಆಗುಂಬೆಯಲ್ಲಿ ಹೇರ್‌ಪಿನ್ ತಿರುವುಗಳು 14. ಏಳನೆಯದಕ್ಕೆ ಕಾರು ನಿಲ್ಲಿಸಬೇಕಾಯಿತು. ನನಗೆ. ಮೋತಿ ಕಿಟಕಿಯಿಂದ ಮೂತಿ ಹೊರಹಾಕಿ, ನಾನು ರಸ್ತೆ ಬದಿಯಲ್ಲಿ ಬಗ್ಗಿ ನಿಂತದ್ದನ್ನು ಕುತೂಹಲದಿಂದ ನೋಡಿತು. ಟವೆಲು ವ್ಯರ್ಥವಾಗಲಿಲ್ಲ.

"ಮಾವ, ಆ ಮಾತ್ರೆ ಇನ್ನರ್ಧ ಉಂಟಲ್ಲ?" ಎಂದ ಅಳಿಯ. ಅವನಿಗೆ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೂಡುಬಿದಿರೆಯಲ್ಲಿ ಚಹಾಕ್ಕೆ ಇಳಿದೆವು. ಮುಧೋಳದ ರನ್ನ ಜೈನ ಕವಿ, ಇದು ಜೈನ ಕಾಶಿ. ಮೋತಿಗೆ 1430ರ ಸಾವಿರ ಕಂಬದ ಬಸದಿಯ ದಾರಿ ತೋರಿಸುತ್ತ ಅಳಿಯನಿಗೆ ಇದನ್ನೆಲ್ಲ ವಿವರಿಸುತ್ತಿದ್ದೆ. ಎದುರಿಗೊಂದು ಬೆಕ್ಕು ಹಾದುಹೋಯಿತು. ಮೊಲ ಅಟ್ಟುವುದಕ್ಕೆಂದೇ ಬೆಳೆಸಿದ ತಳಿ. ನನ್ನ ಕೈಯಲ್ಲಿ ಉಳಿದದ್ದು ಸರಪಳಿ ಮತ್ತು ಖಾಲಿ ಪಟ್ಟಿ.

ಬೆಕ್ಕು ಪಾಗಾರ ಹತ್ತಿತು. ಮೋತಿ ಅದರ ಬುಡದಲ್ಲಿ ನಿಂತುಕೊಂಡಿತು. ನಾನು ಹತ್ತು ಹೆಜ್ಜೆ ಹೋದರೆ ಅದು ಹದಿನೈದು ಹೆಜ್ಜೆ ದೂರ. ಜನ ಸೇರಿದರು. ಒಬ್ಬರು "ಬಲ, ಬಲ" ಎಂದು ತುಳುವಿನಲ್ಲಿ ಕರೆದರು, ಇನ್ನೊಬ್ಬರು ಕೊಂಕಣಿಯಲ್ಲಿ, ಬಿಸ್ಕಿಟ್ ಹಿಡಿದ ಹುಡುಗ ಬ್ಯಾರಿಯಲ್ಲಿ. ನಾನು ಬ್ಯಾಂಕಿನ ಕನ್ನಡದಲ್ಲಿ "ದಯವಿಟ್ಟು ಬಾ" ಎಂದೆ. ಸುಳ್ಳಲ್ಲ, ಹಾಗೆಯೇ ಅಂದೆ.

"ಮಾವ, ಅದರ ಭಾಷೆಯಲ್ಲಿ ಕರೀರಿ."

ಮಾನ ಬಿಟ್ಟು ಕೂಗಿದೆ: "ಲೇ, ಬಾರಲೇ ಇಲ್ಲಿ!"

ಚಹಾದಂಗಡಿಯ ಬೆಂಚಿನಿಂದ ಇಬ್ಬರು ತಟ್ಟನೆ ಎದ್ದು ಬಂದರು. ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವರ ಹಿಂದೆಯೇ ಮೋತಿ. "ನಮ್ಮೂರ ನಾಯೀರೀ!" ಎಂದು ಅವರು ಅದರ ಕಿವಿ ತುರಿಸಿದರು. ಮೋತಿ ನನಗೆ ಅಲ್ಲಾಡಿಸದ ಬಾಲವನ್ನು ಅವರಿಗೆ ಅಲ್ಲಾಡಿಸಿತು. ಅವರ ಚಹಾದ ದುಡ್ಡು ನಾನೇ ಕೊಟ್ಟೆ.

ಮನೆಯಲ್ಲಿ ಅಮ್ಮನ ಮೊದಲ ಮಾತು, ಅಷ್ಟು ದೂರ ಹೋಗಿ ತಂದದ್ದು ಇದನ್ನಾ, ಇದಕ್ಕೆ ಯಾರೂ ಅನ್ನವೇ ಹಾಕಿಲ್ಲವಾ ಎಂದು. ಹಾಕಿದ ಕುಚ್ಚಲಕ್ಕಿ ಗಂಜಿಯನ್ನು ಮೋತಿ ಮೂಸಿ, ಮುಖ ತಿರುಗಿಸಿತು. ಜೋಳದ ಹಿಟ್ಟಿಗಾಗಿ ಸಿದ್ದಕಟ್ಟೆ ಆಯಿತು, ಬಂಟ್ವಾಳ ಪೇಟೆ ಆಯಿತು. ಕಡೆಗೆ ಬೆಳ್ತಂಗಡಿಯಲ್ಲಿ ಸಿಕ್ಕಿತು. ಹೆಂಡತಿ ಬಡಿದ ಮೊದಲ ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಮೂರು ತುಂಡು. ಮೋತಿ ತಕರಾರಿಲ್ಲದೆ ತಿಂದಿತು. ಮಿಕ್ಕದ್ದು ನನ್ನ ತಟ್ಟೆಗೆ ಬಂತು.

ಈಗ ಆರು ತಿಂಗಳು. ಮೋತಿ ಒಂದಕ್ಷರ ತುಳು ಕಲಿತಿಲ್ಲ. ಹುಟ್ಟಿನಿಂದ ತುಳು ಬಿಟ್ಟು ಬೇರೆ ಮಾತಾಡದ ಅಮ್ಮ, 84ನೇ ವಯಸ್ಸಿನಲ್ಲಿ, ದಿನಾ ಬೆಳಗ್ಗೆ ಚಾವಡಿಯಲ್ಲಿ ನಿಂತು ಕೂಗುತ್ತಾರೆ: "ಲೇ, ಬಾರಲೇ ಇಲ್ಲಿ!" ತೋಟದ ಒಂದು ಕಡೆಯಿಂದ ಮೋತಿ ಓಡಿ ಬರುತ್ತದೆ, ಇನ್ನೊಂದು ಕಡೆಯಿಂದ ನಾನು. ರೊಟ್ಟಿ ಮೊದಲು ಅದಕ್ಕೆ.